71 ಕೆಜಿಯ ತಮ್ಮ, 108 ಕೆಜಿಯ ಜೋಡಿ

ಸಿಂಧನೂರಿನ ಓದುಗ ಮಿತ್ರರೇ,

ನಮಸ್ಕಾರ. ನಿಮ್ಮ ಪತ್ರ ತಲುಪಿತು. ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕಿಲ್ಲ. ಪತ್ರ ಉದ್ದವಾಗಿದೆ, ಪೂರ್ತಿ ಅಚ್ಚು ಮಾಡಲು ಜಾಗವಿಲ್ಲ. ಉಳಿದ ಓದುಗರಿಗಾಗಿ ಅದರ ಮುಖ್ಯ ವಿಷಯವನ್ನು ಇಲ್ಲಿ ಹೇಳುತ್ತೇನೆ.

ನಿಮ್ಮ ತಮ್ಮನಿಗೆ 19 ವರ್ಷ. ಬಳ್ಳಾರಿಯಲ್ಲಿ ರೂಮ್ ಮಾಡಿಕೊಂಡು ಡಿಗ್ರಿ ಓದುತ್ತಿದ್ದಾನೆ. ಸಂಜೆ ಒಂದು ಜಿಮ್‌ನಲ್ಲಿ ಬಾಕ್ಸಿಂಗ್ ಕಲಿಯುತ್ತಾನೆ. ತೂಕ 71 ಕೆಜಿ. ಅಲ್ಲಿ ಅವನನ್ನು ಸ್ಪಾರಿಂಗ್‌ಗೆ, ಅಂದರೆ ಅಭ್ಯಾಸದ ಹೊಡೆದಾಟಕ್ಕೆ, ಹಚ್ಚುವುದು 108 ಕೆಜಿಯ ಹುಡುಗನ ಜೊತೆ. ಬರುವ ತಿಂಗಳು ಜಿಮ್‌ನವರು ತೂಕದ ಲೆಕ್ಕವಿಲ್ಲದ 'ಓಪನ್' ಪಂದ್ಯ ಇಟ್ಟಿದ್ದಾರೆ. ಅದರಲ್ಲೂ ಇದೇ ಜೋಡಿ. ನಮ್ಮಲ್ಲಿ ಬಂದ, ಬಾಕ್ಸರ್ ಉಸಿಕ್ ಬಗೆಗಿನ ಲೇಖನ ಓದಿ ನಿಮಗೆ ಧೈರ್ಯ ಬಂದಿದೆ. "ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಅಂತಾರಲ್ಲ ಸರ್, ಚುರುಕಿದ್ದರೆ ಸಣ್ಣವನು ಎಂಥ ದೊಡ್ಡವನನ್ನೂ ಹೊಡೆಯಬಹುದು ಅಲ್ವಾ?" ಎಂದು ಕೇಳಿದ್ದೀರಿ.

ನೇರವಾಗಿ ಹೇಳಿಬಿಡುತ್ತೇನೆ. ಬಾಕ್ಸಿಂಗ್‌ನ ಅತಿ ಭಾರದ ವಿಭಾಗವಾದ ಹೆವಿವೇಟ್‌ನಲ್ಲಿ ಸಣ್ಣ ಮೈಯವರು ದೊಡ್ಡವರನ್ನು ಸೋಲಿಸಿದ್ದಾರೆ, ಮುಂದೆಯೂ ಸೋಲಿಸುತ್ತಾರೆ. ಆದರೆ ಆ ಉದಾಹರಣೆ ನಿಮ್ಮ ತಮ್ಮನಿಗೆ ಹೊಂದುವುದಿಲ್ಲ. ಓಪನ್ ಪಂದ್ಯಕ್ಕೆ ಅವನನ್ನು ಕಳಿಸಬೇಡಿ. ಆ ಸ್ಪಾರಿಂಗ್ ಕೂಡ ಇವತ್ತೇ ನಿಲ್ಲಲಿ.

ಮೊದಲು ಉಸಿಕ್ ವಿಷಯ ನೋಡೋಣ. 2024ರ ಮೇ 18ರಂದು ರಿಯಾದ್‌ನಲ್ಲಿ ಉಕ್ರೇನಿನ ಒಲೆಕ್ಸಾಂಡರ್ ಉಸಿಕ್, ಬ್ರಿಟನ್ನಿನ ಟೈಸನ್ ಫ್ಯೂರಿಯನ್ನು ಅಂಕಗಳಲ್ಲಿ ಸೋಲಿಸಿದ. ಒಂಬತ್ತನೇ ರೌಂಡ್‌ನಲ್ಲಿ ಫ್ಯೂರಿ ಹಗ್ಗಕ್ಕೆ ಒರಗಿ ತೂರಾಡಿದ, ರೆಫರಿ ಎಣಿಕೆ ಶುರು ಮಾಡಬೇಕಾಯಿತು. ಡಿಸೆಂಬರ್ 21ರಂದು ಅದೇ ಊರಲ್ಲಿ ಉಸಿಕ್ ಮತ್ತೆ ಗೆದ್ದ. ಆ ಎರಡನೇ ಸಲ ಫ್ಯೂರಿಯ ತೂಕ ಸುಮಾರು 127 ಕೆಜಿ, ಉಸಿಕ್‌ನದು ಸುಮಾರು 102. ನಡುವಿನ ಅಂತರ 25 ಕೆಜಿ. ನೀವು ಅಕ್ಕಿ ಮಿಲ್ಲಿನಲ್ಲಿ ಕೆಲಸ ಮಾಡುವವರು, ಒಂದು ಚೀಲ ಅಕ್ಕಿ ಹೆಗಲ ಮೇಲೆ ಕೂತರೆ ಏನಾಗುತ್ತದೆ ಅಂತ ನನಗಿಂತ ಚೆನ್ನಾಗಿ ಗೊತ್ತು. ಅಷ್ಟು ಭಾರವನ್ನು ಮೈಮೇಲೆ ಒರಗಿಸಿಕೊಳ್ಳದೆ, 12 ರೌಂಡ್ ಎಡಕ್ಕೂ ಬಲಕ್ಕೂ ಸರಿಯುತ್ತಾ ಹೊಡೆದದ್ದು ಉಸಿಕ್‌ನ ದೊಡ್ಡತನ. ಆ ಪಂದ್ಯಗಳನ್ನು ನಾನು ಎಷ್ಟು ಸಲ ನೋಡಿದರೂ ಬೇಜಾರಾಗುವುದಿಲ್ಲ.

ಆದರೆ ಉಸಿಕ್‌ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ನೋಡಿ. ಎತ್ತರ 191 ಸೆಂಟಿಮೀಟರ್, ತೂಕ ನೂರರ ಮೇಲೆ. ಸಿಂಧನೂರು ಬಸ್ ಸ್ಟ್ಯಾಂಡಿನಲ್ಲಿ ಇಳಿದರೆ ಜನ ತಿರುಗಿ ನೋಡುವಂಥ ಆಳು. 206 ಸೆಂಟಿಮೀಟರಿನ ಫ್ಯೂರಿ ಪಕ್ಕದಲ್ಲಿ ಮಾತ್ರ ಅವನು ಸಣ್ಣವನು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ 91 ಕೆಜಿ ವಿಭಾಗದಲ್ಲಿ ಚಿನ್ನ ಗೆದ್ದಿದ್ದ. 2018ರಲ್ಲಿ ಹೆವಿವೇಟ್‌ಗಿಂತ ಕೆಳಗಿನ ವಿಭಾಗವಾದ ಕ್ರೂಸರ್‌ವೇಟ್‌ನ ಎಲ್ಲ ಪಟ್ಟಗಳನ್ನೂ ಗೆದ್ದ. ಆಮೇಲೆ ಮೈ ಬೆಳೆಸಿಕೊಂಡು ಹೆವಿವೇಟ್‌ಗೆ ಬಂದ. ಬರೀ ಚುರುಕನ್ನು ನಂಬಿಕೊಂಡು 90 ಕೆಜಿಯಲ್ಲೇ ಹೋಗಿ ನಿಲ್ಲಲಿಲ್ಲ.

ಮೈಕ್ ಟೈಸನ್ ಹೆಸರನ್ನೂ ಬರೆದಿದ್ದೀರಿ. ಕುಳ್ಳ ಹೌದು, ಸುಮಾರು 178 ಸೆಂಟಿಮೀಟರ್. 1986ರ ನವೆಂಬರ್‌ನಲ್ಲಿ 20ನೇ ವಯಸ್ಸಿಗೇ ಟ್ರೆವರ್ ಬರ್ಬಿಕ್‌ನನ್ನು ಎರಡನೇ ರೌಂಡ್‌ನಲ್ಲಿ ಮಲಗಿಸಿ ಚಾಂಪಿಯನ್ ಆದ. ಆದರೆ ಅವನ ತೂಕ 100 ಕೆಜಿಯ ಹತ್ತಿರ! ಎತ್ತರ ಕಡಿಮೆ ಇರುವುದು ಬೇರೆ, ತೂಕ ಕಡಿಮೆ ಇರುವುದು ಬೇರೆ. ಎತ್ತರದ ಕೊರತೆಗೆ ಬಾಕ್ಸಿಂಗ್‌ನಲ್ಲಿ ಮದ್ದಿದೆ. ತಲೆ ತಗ್ಗಿಸಿ ಜ್ಯಾಬ್‌ನ (ಮುಂದಿನ ಕೈಯ ನೇರ ಪೆಟ್ಟಿನ) ಕೆಳಗಿಂದ ನುಗ್ಗಿ, ಪಕ್ಕೆಗೆ ಹೊಡೆದು, ಅಲ್ಲಿಂದ ಗದ್ದಕ್ಕೆ ಹುಕ್ (ತೋಳು ಬಾಗಿಸಿ ಹೊಡೆಯುವ ಪೆಟ್ಟು) ಎತ್ತಬಹುದು. ಟೈಸನ್ ಮಾಡಿದ್ದು ಅದೇ. ತೂಕದ ಕೊರತೆಗೆ ಅಷ್ಟು ಸುಲಭದ ಮದ್ದಿಲ್ಲ.

1950ರ ದಶಕದ ಹೆವಿವೇಟ್ ಚಾಂಪಿಯನ್ ರಾಕಿ ಮಾರ್ಸಿಯಾನೊ ಕೂಡ ಹಾಗೇ. 49 ಪಂದ್ಯ ಆಡಿ 49ನ್ನೂ ಗೆದ್ದವನು, ತೂಕ ಬರೀ 84-85 ಕೆಜಿ ಅಂತ ಜನ ಹೇಳುತ್ತಾರೆ. ನಿಜ. ಆದರೆ ಅವನ ದೊಡ್ಡ ಎದುರಾಳಿಗಳಾದ ವಾಲ್ಕಾಟ್, ಚಾರ್ಲ್ಸ್, ಆರ್ಚಿ ಮೂರ್ ಕೂಡ ಹೆಚ್ಚುಕಡಿಮೆ ಅದೇ ತೂಕದವರು. ಆ ಕಾಲಕ್ಕೆ 79.4 ಕೆಜಿ ದಾಟಿದವರೆಲ್ಲ ಹೆವಿವೇಟ್. 1979-80ರ ಹೊತ್ತಿಗೆ ನಡುವೆ ಕ್ರೂಸರ್‌ವೇಟ್ ಬಂತು. ಈಗ ವೃತ್ತಿಪರ ಹೆವಿವೇಟ್ ಶುರುವಾಗುವುದೇ 90.7 ಕೆಜಿಯ ಮೇಲೆ. ಒಲಿಂಪಿಕ್ಸ್‌ನಲ್ಲಿ 1984ರಿಂದ ಸೂಪರ್ ಹೆವಿವೇಟ್ ಅಂತ ಬೇರೆ ಮಾಡಿದರು. ಕುಸ್ತಿಯವರು ಇನ್ನೂ ಮುಂದೆ ಹೋಗಿದ್ದಾರೆ, ಒಲಿಂಪಿಕ್ ಫ್ರೀಸ್ಟೈಲ್ ಕುಸ್ತಿಯಲ್ಲಿ 125 ಕೆಜಿ ದಾಟಿದವನಿಗೆ ಅಖಾಡಕ್ಕೇ ಪ್ರವೇಶವಿಲ್ಲ. ಬಾಕ್ಸಿಂಗ್‌ನ ಕೊನೆಯ ವಿಭಾಗಕ್ಕೆ ಮಾತ್ರ ಮೇಲಿನ ಮಿತಿ ಇಲ್ಲ. ಅದಕ್ಕೇ ಈ ಚರ್ಚೆ ಯಾವಾಗಲೂ ಹೆವಿವೇಟ್ ಸುತ್ತಲೇ ನಡೆಯುತ್ತದೆ.

ಹಾಗಾದರೆ ನಿಜವಾಗಿಯೂ ದೊಡ್ಡ ಅಂತರದಲ್ಲಿ ಆಡಿದವರು ಯಾರು? 1919ರ ಜುಲೈ 4ರಂದು ಅಮೆರಿಕದ ಟೊಲಿಡೊ ಊರಿನಲ್ಲಿ 85 ಕೆಜಿಯ ಜ್ಯಾಕ್ ಡೆಂಪ್ಸಿ, 111 ಕೆಜಿಯ ಜೆಸ್ ವಿಲ್ಲರ್ಡ್‌ನನ್ನು ಮೊದಲ ರೌಂಡ್‌ನಲ್ಲೇ ಏಳು ಸಲ ಕೆಡವಿದ. ಎಲ್ಲರೂ ಹೇಳುವ ಉದಾಹರಣೆ ಇದು. ಜೊತೆಗೆ ಹೇಳಬೇಕಾದದ್ದೂ ಇದೆ. ಡೆಂಪ್ಸಿಗೆ 24 ವರ್ಷ, ವಿಲ್ಲರ್ಡ್‌ಗೆ 37. ವಿಲ್ಲರ್ಡ್ ಪಟ್ಟಕ್ಕಾಗಿ ಆಡಿ ಮೂರು ವರ್ಷವಾಗಿತ್ತು. ಬಿದ್ದವನು ಏಳುವ ತನಕ ದೂರದ ಮೂಲೆಗೆ ಹೋಗಿ ನಿಲ್ಲಬೇಕು ಅನ್ನುವ ನಿಯಮ ಆಗ ಇರಲಿಲ್ಲ. ಡೆಂಪ್ಸಿ ಪಕ್ಕದಲ್ಲೇ ನಿಂತಿದ್ದು, ಎದ್ದ ಕ್ಷಣವೇ ಮತ್ತೆ ಹೊಡೆಯುತ್ತಿದ್ದ.

ಇದಕ್ಕೆ ಉಲ್ಟಾ ನಡೆದದ್ದು 1934ರ ಮಾರ್ಚ್‌ನಲ್ಲಿ, ಮಿಯಾಮಿಯಲ್ಲಿ. ಟಾಮಿ ಲಾಕ್ರನ್ ಲೈಟ್ ಹೆವಿವೇಟ್‌ನ ಮಾಜಿ ಚಾಂಪಿಯನ್, ಅವನ ಕೈಚಳಕ ಹೆಸರಾಗಿತ್ತು. ತೂಕ ಸುಮಾರು 83 ಕೆಜಿ. ಎದುರಿಗೆ 122 ಕೆಜಿಯ ಇಟಲಿಯ ಪ್ರಿಮೊ ಕಾರ್ನೆರಾ. ಇವನೇನೂ ದೊಡ್ಡ ಕಲೆಗಾರನಲ್ಲ. ಹದಿನೈದು ರೌಂಡ್ ಮುಗಿದಾಗ ಗೆದ್ದದ್ದು ಕಾರ್ನೆರಾ. ಮೂರೇ ತಿಂಗಳಲ್ಲಿ ಮ್ಯಾಕ್ಸ್ ಬೇರ್ ಎಂಬ ದಷ್ಟಪುಷ್ಟ ಆಳು ಅದೇ ಕಾರ್ನೆರಾನನ್ನು ಮತ್ತೆ ಮತ್ತೆ ನೆಲಕ್ಕೆ ಕೆಡವಿ ಪಟ್ಟ ಕಿತ್ತುಕೊಂಡ. ಕಲೆಯಲ್ಲಿ ಬೇರ್‌ಗಿಂತ ಲಾಕ್ರನ್ ಎಷ್ಟೋ ಮೇಲು. ಆದರೆ ಕಾರ್ನೆರಾನನ್ನು ನೋಯಿಸುವ ಪೆಟ್ಟು ಇದ್ದದ್ದು ಬೇರ್ ಹತ್ತಿರ.

ನನ್ನ ಪ್ರಕಾರ ಇಡೀ ವಿಷಯದ ಗಂಟು ಇಲ್ಲೇ ಇದೆ. ಸಣ್ಣವನಿಗೆ ಫುಟ್‌ವರ್ಕ್ ಇದ್ದರೆ ಸಾಲದು. ದೊಡ್ಡವನಿಗೆ ಮುಂದೆ ಕಾಲಿಡಲು ಹೆದರಿಕೆ ಹುಟ್ಟಿಸುವಂಥ ಪೆಟ್ಟು ಅವನ ಕೈಯಲ್ಲಿರಬೇಕು. ಆ ಹೆದರಿಕೆ ಇಲ್ಲದಿದ್ದರೆ ದೊಡ್ಡವನು ಎರಡು ಏಟು ತಿಂದುಕೊಂಡೇ ಒಳಗೆ ಬರುತ್ತಾನೆ. ಕ್ಲಿಂಚ್‌ನಲ್ಲಿ, ಅಂದರೆ ಒಬ್ಬರನ್ನೊಬ್ಬರು ಅಪ್ಪಿ ಹಿಡಿದಾಗ, ಕತ್ತಿನ ಮೇಲೆ ಭಾರ ಹಾಕಿ ಒರಗುತ್ತಾನೆ. ನಾಲ್ಕೈದು ರೌಂಡ್‌ಗೆ ಸಣ್ಣವನ ಕಾಲು ಸೋಲುತ್ತದೆ. ಕಾಲು ಸೋತ ಮೇಲೆ ಚುರುಕು ಎಲ್ಲಿಂದ ಬರಬೇಕು?

2009ರ ನವೆಂಬರ್ 7ರ ಪಂದ್ಯ ನೋಡಿ. ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ 99 ಕೆಜಿಯ ಡೇವಿಡ್ ಹೇ, 143 ಕೆಜಿಯ ನಿಕೊಲಾಯ್ ವಾಲುಯೆವ್ ಎದುರು ನಿಂತ. ವಾಲುಯೆವ್ ಏಳಡಿ ಎತ್ತರದ ದೈತ್ಯ. ಹೇ 12 ರೌಂಡ್ ಓಡಾಡಿ, ಆಗಾಗ ಒಳಗೆ ಹಾರಿ ಒಂದೆರಡು ಕೊಟ್ಟು, ಹೊರಗೆ ಬಂದು ಗೆದ್ದ. ಕೊನೆಯ ರೌಂಡ್‌ನಲ್ಲಿ ದೈತ್ಯನನ್ನು ನಡುಗಿಸಿಯೂ ಬಿಟ್ಟ. ವಾಲುಯೆವ್ ನಿಧಾನದವನು, ಹೇ ಬಲಗೈಯಲ್ಲಿ ಸಿಡಿಮದ್ದಿನಂಥ ಪೆಟ್ಟು ಇತ್ತು, ಎರಡೂ ಕೂಡಿ ಬಂದವು. ಎರಡು ವರ್ಷದೊಳಗೆ, 2011ರ ಜುಲೈನಲ್ಲಿ, ಅದೇ ಹೇ ಹ್ಯಾಂಬರ್ಗ್‌ನಲ್ಲಿ ವ್ಲಾಡಿಮಿರ್ ಕ್ಲಿಚ್ಕೊ ಎದುರು ಅದೇ ಆಟ ಆಡಲು ಹೋದ. ಕ್ಲಿಚ್ಕೊ ವಾಲುಯೆವ್‌ಗಿಂತ 30 ಕೆಜಿಗೂ ಜಾಸ್ತಿ ಹಗುರ. ಆದರೆ ಜ್ಯಾಬ್ ಗೊತ್ತಿತ್ತು, ದೂರ ಅಳೆಯುವುದು ಗೊತ್ತಿತ್ತು. ಹೇ ಹತ್ತಿರಕ್ಕೇ ಬರಲಾಗದೆ ಅಂಕಗಳಲ್ಲಿ ಸೋತ. ಕಲಿತ ದೊಡ್ಡವನ ಎದುರು ಸಣ್ಣವನ ದಾರಿ ಎಷ್ಟು ಕಿರಿದು ಅಂತ ಈ ಎರಡು ಪಂದ್ಯ ನೋಡಿದರೆ ತಿಳಿಯುತ್ತದೆ.

ಈಗ ನಿಮ್ಮ ಮನೆಯ ಲೆಕ್ಕ ಹಾಕೋಣ. ಉಸಿಕ್‌ಗಿಂತ ಫ್ಯೂರಿ ನೂರಕ್ಕೆ 25ರಷ್ಟು ಭಾರ. ಡೇವಿಡ್ ಹೇಗಿಂತ ವಾಲುಯೆವ್ 44ರಷ್ಟು. ಲಾಕ್ರನ್‌ಗಿಂತ ಕಾರ್ನೆರಾ 47ರಷ್ಟು. ನಿಮ್ಮ ತಮ್ಮನಿಗಿಂತ ಆ ಹುಡುಗ 52ರಷ್ಟು ಭಾರ! ವಿಶ್ವ ಚಾಂಪಿಯನ್‌ಗಳು ವರ್ಷಗಟ್ಟಲೆ ಪಳಗಿ ಇಳಿದ ಅಂತರಕ್ಕಿಂತ ದೊಡ್ಡ ಅಂತರದಲ್ಲಿ ಕಲಿಯುವ ಹುಡುಗನನ್ನು ನಿಲ್ಲಿಸಿದ್ದಾರೆ.

ಬಾಕ್ಸಿಂಗ್ ಪೆಟ್ಟು ಬರೀ ತೋಳಿನದಲ್ಲ. ಪಾದದಿಂದ ಸೊಂಟಕ್ಕೆ, ಸೊಂಟದಿಂದ ಹೆಗಲಿಗೆ ಬಂದು ಮೈಭಾರದ ಜೊತೆ ಇಳಿಯುತ್ತದೆ. ತಗುಲಿದಾಗ ತಲೆ ಗಿರ್ರನೆ ತಿರುಗುತ್ತದೆ, ಒಳಗೆ ಮಿದುಳು ಅಲುಗುತ್ತದೆ. ಅದನ್ನು ತಡೆಯಬೇಕಾದದ್ದು ಕತ್ತು. 71 ಕೆಜಿ ಮೈಯ ಕತ್ತಿಗೆ 108 ಕೆಜಿ ಮೈಯ ಪೆಟ್ಟು ತಡೆಯುವ ತಾಕತ್ತಿಲ್ಲ. ಹೆಡ್‌ಗಾರ್ಡ್ ಹಾಕುತ್ತಾರೆ ಅಂತ ಬರೆದಿದ್ದೀರಿ. ಹೆಡ್‌ಗಾರ್ಡ್ ಚರ್ಮ ಸೀಳುವುದನ್ನು ತಪ್ಪಿಸುತ್ತದೆ. ಒಳಗಿನ ಅಲುಗಾಟವನ್ನು ತಪ್ಪಿಸುತ್ತದೆ ಅಂತ ನಂಬಬೇಡಿ. ದಪ್ಪ ಗ್ಲೌಸ್ ವಿಷಯವೂ ಅಷ್ಟೇ.

ನಮ್ಮ ಭಾಗದವರಿಗೆ ಇದು ಹೊಸ ತಿಳಿವಳಿಕೆಯೇನಲ್ಲ. 1520ರ ಆಸುಪಾಸಿನಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಮಹಾನವಮಿ ಹಬ್ಬದ ಜಟ್ಟಿ ಕಾಳಗಗಳ ಬಗ್ಗೆ ಬರೆದಿಟ್ಟಿದ್ದಾನೆ. ಹಲ್ಲು ಮುರಿಯುವ, ಕಣ್ಣು ಹೋಗುವ, ಮುಖ ವಿಕಾರವಾಗುವ ಗುದ್ದುಗಳು. ಮಾತು ನಿಂತುಹೋದವರನ್ನು ಗೆಳೆಯರು ಹೊತ್ತುಕೊಂಡು ಹೋಗುತ್ತಿದ್ದರಂತೆ. ಅಷ್ಟು ಉಗ್ರ ಕಾಳಗದಲ್ಲೂ ಮುಖ್ಯಸ್ಥರು, ತೀರ್ಪುಗಾರರು ಇದ್ದರು ಎನ್ನುತ್ತಾನೆ ಅವನು. ಕಣದಲ್ಲಿ ಇಬ್ಬರನ್ನೂ ಸರಿಸಮನಾಗಿ ನಿಲ್ಲಿಸುವುದು ಅವರ ಕೆಲಸ. ಇವತ್ತಿಗೂ ನಮ್ಮ ಜಾತ್ರೆ ಕುಸ್ತಿಯಲ್ಲಿ ಹಿರಿಯ ಪೈಲ್ವಾನರು ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿ, ಮೈಕಟ್ಟು ನೋಡಿಯೇ ಜೋಡಿ ಹಚ್ಚುತ್ತಾರೆ. ಹೊಂದದಿದ್ದರೆ ಬೇಡ ಅನ್ನುತ್ತಾರೆ, ಯಾರೂ ಅದನ್ನು ಹೇಡಿತನ ಅಂದುಕೊಳ್ಳುವುದಿಲ್ಲ. ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಮುಗಿಯಿತು. ಬಾಕ್ಸಿಂಗ್‌ನಲ್ಲಿ ಪೆಟ್ಟು ಬೀಳುವುದು ತಲೆಗೆ. ಅಲ್ಲಿ ಜೋಡಿ ನೋಡುವುದು ಇನ್ನೂ ಮುಖ್ಯ ಅಲ್ವಾ?

ನಿಮ್ಮ ಪತ್ರದ ಕೊನೆಯಲ್ಲಿ ಒಂದು ಸಾಲಿದೆ: "ಸ್ಪಾರಿಂಗ್ ಆದ ರಾತ್ರಿ ತಲೆನೋವು ಅಂತ ಉಣ್ಣದೇ ಮಲಗುತ್ತಾನೆ, ಅದು ಬಿಟ್ಟರೆ ಆರಾಮಿದ್ದಾನೆ." ಅಷ್ಟು ಹಗುರವಾಗಿ ಬರೆದ ಸಾಲು ಓದಿ ನನಗೆ ದಿಗಿಲಾಯಿತು. ಪೆಟ್ಟು ತಿಂದ ಮೇಲೆ ತಲೆನೋವು ಬರುವುದು ಮಿದುಳಿಗೆ ಏಟಾದ ಗುರುತಾಗಿರಬಹುದು. ಅದು ವಾಸಿಯಾಗುವ ಮೊದಲೇ ಇನ್ನೊಂದು ಪೆಟ್ಟು ಬಿದ್ದರೆ ಪ್ರಾಣಕ್ಕೇ ಕುತ್ತು ಬರಬಹುದು, ಅದರಲ್ಲೂ ಚಿಕ್ಕ ವಯಸ್ಸಿನವರಿಗೆ. ಅವನನ್ನು ಈಗಲೇ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ಸ್ಪಾರಿಂಗ್ ವಿಷಯ, ಎದುರಾಳಿಯ ತೂಕ, ಎಷ್ಟು ದಿನದಿಂದ ತಲೆನೋವು, ಎಲ್ಲ ಬಿಡಿಸಿ ಹೇಳಿ. ವಾಂತಿ, ಕಣ್ಣು ಮಂಜಾಗುವುದು, ಮಾತು ತೊದಲುವುದು, ಎಬ್ಬಿಸಿದರೂ ಏಳದಂಥ ನಿದ್ದೆ, ಇವುಗಳಲ್ಲಿ ಯಾವುದು ಕಂಡರೂ ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಓಡಿ. ಡಾಕ್ಟರ್ ಸರಿ ಅನ್ನುವ ತನಕ ಗ್ಲೌಸ್ ಮುಟ್ಟಬಾರದು.

ಕೋಚ್ ಮೇಲೆ ಸಿಟ್ಟು ಮಾಡಿಕೊಳ್ಳಿ ಅಂತ ನಾನು ಹೇಳುತ್ತಿಲ್ಲ. ಸಣ್ಣ ಜಿಮ್‌ಗಳಲ್ಲಿ ಹುಡುಗರು ಕಡಿಮೆ, ಇದ್ದವರನ್ನೇ ಎದುರಾಬದುರಾ ನಿಲ್ಲಿಸುತ್ತಾರೆ. ದೊಡ್ಡವನ ಜೊತೆ ಆಡಿದರೆ ಭಯ ಹೋಗುತ್ತದೆ ಎಂದು ಅವರು ನಂಬಿರಬಹುದು. ಆ ನಂಬಿಕೆ ತಪ್ಪು ಅಂತ ನೀವು ಮರ್ಯಾದೆಯಿಂದಲೇ, ಆದರೆ ಗಟ್ಟಿಯಾಗಿ ಹೇಳಬೇಕು. ಡಾಕ್ಟರ್ ಒಪ್ಪಿದ ಮೇಲೆ ಆ 108 ಕೆಜಿ ಹುಡುಗನ ಜೊತೆ ಪ್ಯಾಡ್ ಹಿಡಿಯುವುದು, ಪೆಟ್ಟು ತಾಗಿಸದೆ ದೂರ ಅಳೆಯುವ ಅಭ್ಯಾಸ ಮಾಡಬಹುದು. ನಿಜವಾದ ಸ್ಪಾರಿಂಗ್ ಮಾತ್ರ ತನ್ನ ತೂಕದವರ ಜೊತೆ. ಓಪನ್ ಪಂದ್ಯದ ಬಗ್ಗೆ ಜಿಮ್‌ನವರನ್ನೇ ಕೇಳಿ: ಪಂದ್ಯದ ದಿನ ತೂಕ ಹಾಕುತ್ತೀರಾ, ಆಡುವ ಮೊದಲು ವೈದ್ಯಕೀಯ ತಪಾಸಣೆ ಇದೆಯಾ, ರಿಂಗ್ ಪಕ್ಕದಲ್ಲಿ ಡಾಕ್ಟರ್ ಕೂರುತ್ತಾರಾ? ನಿಯಮದ ಪ್ರಕಾರ ನಡೆಯುವ ಅಮೆಚೂರ್ ಪಂದ್ಯಗಳಲ್ಲಿ ಇದೆಲ್ಲ ಇದ್ದೇ ಇರುತ್ತದೆ.

71 ಕೆಜಿ ಅಂದರೆ ಕಡಿಮೆಯೇನಲ್ಲ. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಅದೇ ಒಂದು ವಿಭಾಗವಾಗಿತ್ತು. ನಮ್ಮ ದೇಶದ ನಿಶಾಂತ್ ದೇವ್ ಅದರಲ್ಲಿ ಕ್ವಾರ್ಟರ್ ಫೈನಲ್ ತನಕ ಹೋದ, ಅದರ ಹಿಂದಿನ ವರ್ಷ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಕಂಚು ಗೆದ್ದಿದ್ದ. ಅವನು ತರಬೇತಿ ಪಡೆದದ್ದು ನಮ್ಮ ತೋರಣಗಲ್ಲಿನ ಹತ್ತಿರದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ. 2021ರ ಸೆಪ್ಟೆಂಬರ್‌ನಲ್ಲಿ ಪುರುಷರ ರಾಷ್ಟ್ರೀಯ ಬಾಕ್ಸಿಂಗ್ ಚಾಂಪಿಯನ್‌ಶಿಪ್ ನಡೆದದ್ದೂ ಅಲ್ಲೇ. ಬಳ್ಳಾರಿಯಿಂದ ಬಸ್ ಹತ್ತಿದರೆ ತೋರಣಗಲ್ಲು ದೂರವೇನಲ್ಲ. ಡಾಕ್ಟರ್ ಒಪ್ಪಿಗೆ ಸಿಕ್ಕ ಮೇಲೆ ತಮ್ಮನನ್ನು ಕರೆದುಕೊಂಡು ಹೋಗಿ, ಅವನ ವಯಸ್ಸಿಗೆ, ತೂಕಕ್ಕೆ ಆಯ್ಕೆ ಪಂದ್ಯಗಳು ಎಲ್ಲಿ ನಡೆಯುತ್ತವೆ ಅಂತ ವಿಚಾರಿಸಿ ಬನ್ನಿ.

ಇಂತಿ,
ಸಂಪಾದಕ