ಅಪರ್ಚರ್‌ಗೆ ಸ್ಟೀಲ್ ತಗಡು ನಡೆಯುತ್ತಾ?

ಪ್ರಶ್ನೆ: ಸಾರ್, ತೋರಣಗಲ್ಲು ಹತ್ತಿರದ ಲ್ಯಾಬ್‌ನಲ್ಲಿ ಟೆಕ್ನಿಷಿಯನ್ ಆಗಿದ್ದೇನೆ. ಅದಿರು, ಸ್ಟೀಲ್ ಸ್ಯಾಂಪಲ್‌ಗಳನ್ನು ಸ್ಕ್ಯಾನಿಂಗ್ ಎಲೆಕ್ಟ್ರಾನ್ ಮೈಕ್ರೋಸ್ಕೋಪ್‌ನಲ್ಲಿ ನೋಡುತ್ತೇವೆ. ಈಚೆಗೆ ಚಿತ್ರ ಒಂದು ಕಡೆ ಎಳೆದ ಹಾಗೆ ಬರ್ತಿದೆ. ಅಪರ್ಚರ್ (ಎಲೆಕ್ಟ್ರಾನ್ ಕಿರಣ ಹಾಯುವ ಸಣ್ಣ ತೂತಿನ ತಗಡು) ಬದಲಿಸಬೇಕಂತೆ. ಪ್ಲಾಟಿನಂ ದುಬಾರಿ. ಬಳ್ಳಾರಿಯಲ್ಲೇ ಸ್ಟೇನ್‌ಲೆಸ್ ಸ್ಟೀಲ್ ತಗಡಿಗೆ ತೂತು ಹಾಕಿಸಿದರೆ ಆಗುತ್ತಾ?

ಉತ್ತರ: ಬೇಡ. ಮೊದಲನೆಯದಾಗಿ ಆ ತೂತು ಕೂದಲೆಳೆಯಷ್ಟು ಸಣ್ಣದು, ಸಾಮಾನ್ಯವಾಗಿ 20ರಿಂದ 100 ಮೈಕ್ರಾನ್. ಅಂಚು ನುಣ್ಣಗೆ, ದುಂಡಗೆ ಇರಬೇಕು. ಊರಿನ ವರ್ಕ್‌ಶಾಪ್‌ನಲ್ಲಿ ಅದು ಕಷ್ಟ.

ಅದಕ್ಕಿಂತ ದೊಡ್ಡ ತೊಂದರೆ ಅಯಸ್ಕಾಂತದ್ದು. ಪಾತ್ರೆ ಅಂಗಡಿಯಲ್ಲಿ ಮ್ಯಾಗ್ನೆಟ್ ಹಿಡಿದು ನೋಡ್ತೇವಲ್ಲ, 304 ಎಂಬ ಬಗೆಯ ಸ್ಟೇನ್‌ಲೆಸ್ ಸ್ಟೀಲ್‌ಗೆ ಅದು ಅಂಟುವುದಿಲ್ಲ ಅಂತ ನಂಬಿರುತ್ತೇವೆ, ಆದರೆ ಅದನ್ನೇ ಬಿಸಿ ಮಾಡದೆ ಉರುಳಿಸಿ ತೆಳ್ಳಗೆ ಮಾಡಿದಾಗ ಒಂದಷ್ಟು ಭಾಗದ ಒಳರಚನೆ ಬದಲಾಗಿ (ಇದಕ್ಕೆ ಮಾರ್ಟೆನ್ಸೈಟ್ ಅಂತಾರೆ) ಅಯಸ್ಕಾಂತ ಗುಣ ಬಂದುಬಿಡುತ್ತದೆ. ಅಪರ್ಚರ್ ಕೂರುವುದೇ ಕಿರಣವನ್ನು ಒಟ್ಟುಗೂಡಿಸುವ ಲೆನ್ಸಿನ ಕಾಂತಕ್ಷೇತ್ರದ ಹತ್ತಿರ. ನೀವು ಹೇಳಿದ ಎಳೆತ, ಅಂದರೆ ಆಸ್ಟಿಗ್ಮ್ಯಾಟಿಸಂ, ಇನ್ನೂ ಜಾಸ್ತಿಯಾದೀತು. ಹಿತ್ತಾಳೆಯೂ ಬೇಡ. ಕೊಳೆ ತೆಗೆಯಲು ಅದನ್ನು ನಿರ್ವಾತದಲ್ಲಿ ಕಾಯಿಸಿದರೆ ಅದರಲ್ಲಿರುವ ಸತು ಆವಿಯಾಗಿ ಹಾರುತ್ತದೆ. ಅಲ್ಯೂಮಿನಿಯಂ ಮೇಲೆ ವಿದ್ಯುತ್ ಹರಿಯದ ಆಕ್ಸೈಡ್ ಪದರ ಇದ್ದೇ ಇರುತ್ತದೆ. ಅಲ್ಲಿ ಚಾರ್ಜ್ ನಿಂತು ಕಿರಣವನ್ನು ಪಕ್ಕಕ್ಕೆ ತಳ್ಳುತ್ತದೆ.

ನನ್ನನ್ನು ಕೇಳಿದರೆ, ಹೇಗೆ ತೊಳೆಯುತ್ತೀರಿ ಅನ್ನುವುದರ ಮೇಲೆ ಲೋಹ ಆರಿಸಿ. ಪ್ಲಾಟಿನಂ ಆಕ್ಸೈಡ್ ಕಟ್ಟುವುದಿಲ್ಲ. ಹಾಗಾಗಿ ಗ್ಯಾಸ್ ಬರ್ನರ್‌ನ ನೀಲಿ ಉರಿಯಲ್ಲಿ ಕೆಂಪಗೆ ಕಾಯಿಸಿದರೆ ಅಂಟಿದ ಇಂಗಾಲದ ಕೊಳೆ ಸುಟ್ಟುಹೋಗುತ್ತದೆ. ಹಳದಿ ಉರಿ ಮಾತ್ರ ತಾಗಿಸಬೇಡಿ, ಪೆಡಸಾಗುತ್ತದೆ. ಮಾಲಿಬ್ಡಿನಂ ಅಗ್ಗ, ಗಟ್ಟಿ, ಕರಗುವುದು 2,623 ಡಿಗ್ರಿಗೆ. ಆದರೆ ಗಾಳಿಯಲ್ಲಿ ಕಾಯಿಸಿದರೆ ಆಕ್ಸೈಡ್ ಆಗಿ ಸವೆದು ತೂತಿನ ಅಂಚೇ ಕೆಡುತ್ತದೆ, ನಿರ್ವಾತದಲ್ಲೇ ಕಾಯಿಸಬೇಕು. ಲ್ಯಾಬ್‌ನಲ್ಲಿ ವ್ಯಾಕ್ಯೂಮ್ ಇವಾಪರೇಟರ್ (ನಿರ್ವಾತದಲ್ಲಿ ಲೋಹ ಕಾಯಿಸುವ ಯಂತ್ರ) ಇದ್ದರೆ ಕಣ್ಣು ಮುಚ್ಚಿ ಮಾಲಿಬ್ಡಿನಂ ತಗೊಳ್ಳಿ. ಇಲ್ಲದಿದ್ದರೆ ದುಡ್ಡು ಹೋದರೂ ಪ್ಲಾಟಿನಂ ಸರಿ.

ಪಕ್ಕದ ಜಿಲ್ಲೆಯ ಹಟ್ಟಿಯಲ್ಲಿ ಚಿನ್ನದ ಗಣಿಯೇ ಇದೆ, ಚಿನ್ನ ಆಗಲ್ವಾ ಅಂತೀರೇನೋ! ಆಗುತ್ತದೆ. ತೆಳು ಚಿನ್ನದ ಹಾಳೆ ಕಿರಣ ಬಿದ್ದಾಗ ತಾನೇ ಬಿಸಿಯಾಗುವುದರಿಂದ ಕೊಳೆ ಬೇಗ ಕೂರುವುದಿಲ್ಲ. ಆದರೆ ಚಿಮಟಕ್ಕೇ ಹರಿಯುವಷ್ಟು ನಾಜೂಕು, ಕೊಳೆಯಾದರೆ ಬಿಸಾಡುವುದೇ.

ಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಿ. ಹೋಲ್ಡರ್‌ನಲ್ಲಿರುವ ಬೇರೆ ತೂತಿಗೆ ಬದಲಿಸಿ ಅದೇ ಜಾಗ ನೋಡಿ. ಎಳೆತ ಹೋದರೆ ಅಪರ್ಚರ್ ಕೊಳೆಯಾಗಿದೆ. ಎಲ್ಲದರಲ್ಲೂ ಇದ್ದರೆ ಸ್ಯಾಂಪಲ್ ಮೇಲೆ ಅನುಮಾನ ಪಡಿ. ಸ್ಟೀಲ್ ತುಂಡು ತಾನೇ ಅಯಸ್ಕಾಂತವಾಗಿದ್ದರೂ ಹೀಗಾಗುತ್ತದೆ, ಡೀಮ್ಯಾಗ್ನೆಟೈಸ್ ಮಾಡಿ ಇನ್ನೊಮ್ಮೆ ನೋಡಿ.