ಗಂಟು ಸೀಳಿ ನೋಡಿದ್ದೀರಾ?

ಪ್ರಶ್ನೆ: ಈ ಸಲ ಮೊದಲ ಬಾರಿ ಸೋಯಾಬೀನ್ ಹಾಕಿದ್ದೇನೆ. ಬೀಜಕ್ಕೆ ಔಷಧಿ ಮತ್ತು ರೈಜೋಬಿಯಂ ಪುಡಿ ಎರಡನ್ನೂ ಒಟ್ಟಿಗೆ ಬೆರೆಸಿ ಬಿತ್ತಿದೆ. ಇರಲಿ ಅಂತ ಯೂರಿಯಾ ಕೂಡ ಜಾಸ್ತಿಯೇ ಕೊಟ್ಟೆ. ಈಗ ಒಂದು ಗಿಡ ಕಿತ್ತು ನೋಡಿದರೆ ಬೇರಿನಲ್ಲಿ ನಾಲ್ಕೈದು ಗಂಟು ಮಾತ್ರ ಇವೆ. ಪುಡಿಯೇ ಸರಿ ಇರಲಿಲ್ಲವಾ? ಇದನ್ನು ಪ್ರತಿ ವರ್ಷ ಹಾಕಬೇಕಾ? ಇದರಿಂದ ಕಾಳಿನ ಗುಣಮಟ್ಟ ನಿಜವಾಗಿ ಹೆಚ್ಚುತ್ತದಾ?

ಉತ್ತರ: ಪುಡಿಯಲ್ಲಿರುವ ರೈಜೋಬಿಯಂ ಒಂದು ಬ್ಯಾಕ್ಟೀರಿಯಾ, ಬೇರಿನ ಗಂಟಿನೊಳಗೆ ಕೂತು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುವಂಥದ್ದು. ಪುಡಿಯನ್ನು ದೂರುವ ಮೊದಲು ಇನ್ನೊಂದು ಸಲ ಬೇರು ನೋಡಿ. ಈ ಬಾರಿ ಗಿಡವನ್ನು ಕೀಳಬೇಡಿ. ಕಿತ್ತರೆ ಗಂಟುಗಳು ಉದುರಿ ಮಣ್ಣಿನಲ್ಲೇ ಉಳಿದುಬಿಡುತ್ತವೆ. ಬೆಳೆಗೆ ಐದು ವಾರ ಆಗಿರಲಿ. ಬುಡದಿಂದ ಒಂದು ಗೇಣು ಬಿಟ್ಟು ಸಲಿಕೆ ಹಾಕಿ, ಮಣ್ಣಿನ ಹೆಂಟೆ ಸಮೇತ ಮೇಲೆತ್ತಿ, ಬಕೆಟ್ ನೀರಿನಲ್ಲಿ ಅದ್ದಿಡಿ. ಮಣ್ಣು ತಾನಾಗಿ ಕರಗಿ ಇಳಿಯುತ್ತದೆ. ಆಮೇಲೆ ಒಂದು ಗಂಟನ್ನು ಉಗುರಿನಿಂದ ಸೀಳಿ.

ಒಳಗೆ ಕೆಂಪು ಅಥವಾ ಗುಲಾಬಿ ಬಣ್ಣ ಇದ್ದರೆ ಅದು ದುಡಿಯುತ್ತಿರುವ ಗಂಟು. ಬೆಳ್ಳಗಿದ್ದರೆ ಇನ್ನೂ ಎಳೆಯದು, ಇಲ್ಲವೇ ಕೆಲಸ ಮಾಡದ್ದು. ಹಸಿರು, ಕಂದು ಆಗಿದ್ದರೆ ಅದರ ಕಾಲ ಮುಗಿಯಿತು. ಆ ಕೆಂಪಿಗೆ ಕಾರಣ ಲೆಗ್‌ಹಿಮೋಗ್ಲೋಬಿನ್, ನಮ್ಮ ರಕ್ತದ ಹಿಮೋಗ್ಲೋಬಿನ್‌ನ ಸಂಬಂಧಿ. ಗಾಳಿಯ ಸಾರಜನಕವನ್ನು ಹಿಡಿಯುವ ಕಿಣ್ವ ಆಮ್ಲಜನಕ ತಾಗಿದರೆ ಕೆಟ್ಟುಹೋಗುತ್ತದೆ. ಆದರೆ ಬ್ಯಾಕ್ಟೀರಿಯಾಕ್ಕೆ ಉಸಿರಾಡಲು ಆಮ್ಲಜನಕ ಬೇಕು. ಎರಡನ್ನೂ ತೂಗಿಸಿಕೊಂಡು ಹೋಗುವುದು ಈ ಕೆಂಪು ವಸ್ತು. ಎಷ್ಟು ವರ್ಷದಿಂದ ನೋಡುತ್ತಿದ್ದರೂ, ಗಂಟು ಸೀಳಿದಾಗ ಆ ಬಣ್ಣ ಕಂಡರೆ ನನಗೆ ಈಗಲೂ ಖುಷಿಯಾಗುತ್ತದೆ.

ಗಂಟು ಎಲ್ಲಿದೆ ಅನ್ನುವುದನ್ನೂ ಗಮನಿಸಿ. ತಾಯಿಬೇರಿನ ಮೇಲ್ಭಾಗದಲ್ಲಿ ಗುಂಪಾಗಿದ್ದರೆ ಬೀಜಕ್ಕೆ ಹಚ್ಚಿದ ಬ್ಯಾಕ್ಟೀರಿಯಾ ಹಿಡಿದಿದೆ ಅಂತ ಲೆಕ್ಕ. ಪಕ್ಕದ ಬೇರುಗಳಲ್ಲಿ ಅಲ್ಲೊಂದು ಇಲ್ಲೊಂದು ಇದ್ದರೆ ಅದು ಬಹುಪಾಲು ಮಣ್ಣಿನಲ್ಲಿ ಮೊದಲೇ ಇದ್ದದ್ದು.

ನಿಮ್ಮ ಪತ್ರದಲ್ಲಿ ನನಗೆ ಎರಡು ತಪ್ಪು ಕಾಣುತ್ತಿವೆ. ಮೊದಲನೆಯದು ಯೂರಿಯಾ. ಗಂಟು ಕಟ್ಟಲು, ಸಾಕಲು ಗಿಡ ತನ್ನ ಸಕ್ಕರೆಯನ್ನೇ ಖರ್ಚು ಮಾಡಬೇಕು. ಬೇರಿನ ಬುಡದಲ್ಲಿ ಸಾರಜನಕ ಸುಮ್ನೆ ಸಿಗುತ್ತಿದ್ದರೆ ಅದು ಆ ಖರ್ಚಿಗೆ ಯಾಕೆ ಹೋಗುತ್ತದೆ? ಗಂಟು ಕಡಿಮೆ ಕಟ್ಟುತ್ತದೆ, ಕಟ್ಟಿದ್ದೂ ಸರಿಯಾಗಿ ಕೆಲಸ ಮಾಡುವುದಿಲ್ಲ.

ಎರಡನೆಯದು ಔಷಧಿ ಮತ್ತು ಪುಡಿಯನ್ನು ಒಟ್ಟಿಗೆ ಬೆರೆಸಿದ್ದು. ಶಿಲೀಂಧ್ರನಾಶಕಗಳಲ್ಲಿ ಹಲವು ಈ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತವೆ. ಮೊದಲು ಔಷಧಿ ಹಚ್ಚಿ ಒಣಗಿಸಿ. ಬ್ಯಾಕ್ಟೀರಿಯಾ ಕೊನೆಗೆ, ಬಿತ್ತನೆಗೆ ಸ್ವಲ್ಪ ಮುಂಚೆ. ಬೆಲ್ಲ ಅಥವಾ ಸಕ್ಕರೆ ಕರಗಿಸಿದ ನೀರನ್ನು ಬೀಜ ಅಂಟಂಟಾಗುವಷ್ಟು ಮಾತ್ರ ಚಿಮುಕಿಸಿ, ಪುಡಿ ಉದುರಿಸಿ, ಮೆಲ್ಲಗೆ ಹೊರಳಾಡಿಸಿ, ನೆರಳಿನಲ್ಲಿ ಆರಿಸಿ. ನೀರು ಜಾಸ್ತಿಯಾದರೆ, ಅಥವಾ ಜೋರಾಗಿ ಉಜ್ಜಿದರೆ ಸೋಯಾಬೀನ್‌ನ ತೆಳು ಸಿಪ್ಪೆ ಸುಲಿದುಬರುತ್ತದೆ. ಅಂಥ ಬೀಜ ಸರಿಯಾಗಿ ಮೊಳೆಯುವುದಿಲ್ಲ.

ಪೊಟ್ಟಣದಲ್ಲಿರುವುದು ಜೀವ ಅನ್ನುವುದನ್ನು ನಾನು ನಷ್ಟ ಮಾಡಿಕೊಂಡೇ ಕಲಿತೆ. ಒಂದು ವರ್ಷ ಪೊಟ್ಟಣಗಳನ್ನು ಬಿಸಿಲಿಗೆ ನಿಲ್ಲಿಸಿದ್ದ ಗಾಡಿಯಲ್ಲೇ ಅರ್ಧ ದಿನ ಬಿಟ್ಟಿದ್ದೆ. ಅದನ್ನೇ ಹಚ್ಚಿ ಬಿತ್ತಿದೆವು. ಐದನೇ ವಾರ ಬೇರು ತೊಳೆದರೆ ಒಂದು ಗಂಟೂ ಇಲ್ಲ, ನುಣ್ಣಗೆ ದಾರದ ಹಾಗೆ ಇಳಿಬಿದ್ದಿತ್ತು. ಎಲೆಯೆಲ್ಲ ತಿಳಿಹಳದಿ. ನೆರಳಲ್ಲಿ ಇಟ್ಟಿದ್ದ ಪೊಟ್ಟಣದ ಪುಡಿ ಹಚ್ಚಿದ ಪಕ್ಕದ ಸಾಲುಗಳು ಹಸಿರಾಗಿದ್ದವು. ಅಂದಿನಿಂದ ಪೊಟ್ಟಣದ ಮೇಲಿನ ಕೊನೆಯ ತಾರೀಕು ನೋಡದೆ, ಎಲ್ಲಿಟ್ಟಿದ್ದರು ಅಂತ ಕೇಳದೆ ಯಾರಿಗೂ ಹಚ್ಚಲು ಹೇಳುವುದಿಲ್ಲ.

ಪ್ರತಿ ವರ್ಷ ಬೇಕಾ ಅಂದರೆ, ನಾನು ಬೇಕು ಅಂತಲೇ ಹೇಳುತ್ತೇನೆ. ಹೊಸ ಜಮೀನಿಗಂತೂ ಬಿಡಲೇಬಾರದು. ಸೋಯಾಬೀನ್‌ಗೆ ಬ್ರಾಡಿರೈಜೋಬಿಯಂ ಅನ್ನುವ ಬ್ಯಾಕ್ಟೀರಿಯಾ ಗುಂಪಿನದ್ದೇ ಬೇಕು, ಬಟಾಣಿಗೆ ಕೊಡುವ ರೈಜೋಬಿಯಂ ಇದಕ್ಕೆ ಆಗುವುದಿಲ್ಲ. ಒಮ್ಮೆ ನೆಲೆಯೂರಿದ ಬ್ಯಾಕ್ಟೀರಿಯಾ ಮಣ್ಣಿನಲ್ಲಿ ಕೆಲವು ವರ್ಷ ಉಳಿಯುವುದು ನಿಜ. ಆದರೆ ಕಾವು, ಬರ, ಹುಳಿ ಮಣ್ಣು ಅವುಗಳ ಸಂಖ್ಯೆ ಇಳಿಸುತ್ತವೆ. ಉಳಿದವೆಲ್ಲ ಚೆನ್ನಾಗಿ ದುಡಿಯುತ್ತವೆ ಅಂತಲೂ ಇಲ್ಲ. ಬ್ರೆಜಿಲ್ ದೇಶದಲ್ಲಿ ಸೋಯಾಬೀನ್‌ಗೆ ಸಾರಜನಕದ ಗೊಬ್ಬರವನ್ನೇ ಹೆಚ್ಚುಕಮ್ಮಿ ಬಿಟ್ಟು, ವರ್ಷ ವರ್ಷ ಬ್ಯಾಕ್ಟೀರಿಯಾ ಹಚ್ಚಿ ಬೆಳೆಯುತ್ತಾರೆ. ಈ ಕೆಲಸಕ್ಕೆ ದುಡಿದ ವಿಜ್ಞಾನಿ ಮರಿಯಾಂಜೆಲಾ ಹುಂಗ್ರಿಯಾ ಅವರಿಗೆ 2025ರ ವಿಶ್ವ ಆಹಾರ ಪ್ರಶಸ್ತಿ ಬಂತು.

ಇನ್ನು ಕಾಳಿನ ಗುಣ. ನೂರು ಕಿಲೋ ಸೋಯಾಬೀನ್‌ನಲ್ಲಿ ಸುಮಾರು 40 ಕಿಲೋ ಪ್ರೋಟೀನ್ ಇರುತ್ತದೆ. ಅದರೊಳಗೆ ಸಾರಜನಕವೇ ಆರು ಕಿಲೋಗಿಂತ ಜಾಸ್ತಿ. ಯೂರಿಯಾ ಲೆಕ್ಕದಲ್ಲಿ ಹೇಳಿದರೆ ಹತ್ತಿರ ಹತ್ತಿರ 14 ಕಿಲೋ, ಅದೂ ಬರೀ ಕಾಳಿನೊಳಗೆ ಸೇರುವಷ್ಟು. ಕಾಯಿ ತುಂಬುವ ಹೊತ್ತಿಗೆ ಈ ಬೇಡಿಕೆ ಜೋರಾಗುತ್ತದೆ. ಬಿತ್ತುವಾಗ ಹಾಕಿದ ಯೂರಿಯಾ ಅಷ್ಟೊತ್ತಿಗೆ ಎಲ್ಲಿರುತ್ತದೆ? ಗಂಟು ಇನ್ನೂ ಕೆಂಪಾಗಿದ್ದರೆ ಕಾಳು ತುಂಬುತ್ತದೆ, ಪ್ರೋಟೀನ್ ಚೆನ್ನಾಗಿ ಕೂರುತ್ತದೆ. ಇಲ್ಲದಿದ್ದರೆ ಗಿಡ ತನ್ನ ಎಲೆಯಲ್ಲಿದ್ದುದನ್ನೇ ಬೇಗ ಬೇಗ ಕಾಳಿಗೆ ಸಾಗಿಸಿ ಹಳದಿಯಾಗುತ್ತದೆ.

ಆದರೆ ಮುಂದಿನ ವರ್ಷದ ಬಿತ್ತನೆಗೆ ಕಾಳು ಎತ್ತಿಡುವವರು ಒಂದು ಮಾತು ತಿಳಿದಿರಲಿ. ಮೊಳಕೆಯ ಶಕ್ತಿ ಕೊಯ್ಲು, ಒಕ್ಕಣೆ, ಒಣಗಿಸುವುದು, ಕೂಡಿಡುವುದರಲ್ಲೂ ಇದೆ. ಯಂತ್ರದ ಏಟಿಗೆ ಬಿರಿದ ಸಿಪ್ಪೆಯನ್ನು ಯಾವ ಬ್ಯಾಕ್ಟೀರಿಯಾವೂ ಕೂಡಿಸುವುದಿಲ್ಲ.

ಪ್ರಶ್ನೆ: ರೈಜೋಬಿಯಂ ಜೊತೆ ರಂಜಕ ಕರಗಿಸುವ ಬ್ಯಾಕ್ಟೀರಿಯಾ, ಅಜೋಸ್ಪಿರಿಲಂ ಅನ್ನುವ ಇನ್ನೊಂದು ಬ್ಯಾಕ್ಟೀರಿಯಾ ಬೆರೆಸಬಹುದಾ?

ಉತ್ತರ: ಬೆರೆಸಬಹುದು. ಅಜೋಸ್ಪಿರಿಲಂ ಬೇರು ಕವಲೊಡೆಯಲು ನೆರವಾಗುತ್ತದೆ, ಕವಲು ಹೆಚ್ಚಿದರೆ ಗಂಟಿಗೂ ಜಾಗ ಹೆಚ್ಚು ಅಲ್ವಾ? ರಂಜಕದವು ಮಣ್ಣಿನಲ್ಲಿ ಕಚ್ಚಿಕೊಂಡಿರುವ ರಂಜಕವನ್ನು ಬಿಡಿಸುತ್ತವೆ. ಆದರೆ ಮಣ್ಣಿನಲ್ಲಿ ರಂಜಕವೇ ಇಲ್ಲದಿದ್ದರೆ ಅವು ಎಲ್ಲಿಂದ ತರಬೇಕು? ಹಾಗಾಗಿ ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ಆಗ ಹುಳಿ ಎಷ್ಟಿದೆ ಅಂತಲೂ ಗೊತ್ತಾಗುತ್ತದೆ. ಮಣ್ಣು ತೀರಾ ಹುಳಿಯಾಗಿದ್ದರೆ ಬಿತ್ತನೆಗೆ ಸಾಕಷ್ಟು ಮುಂಚೆಯೇ ಸುಣ್ಣ ಕೊಡಬೇಕಾಗುತ್ತದೆ.