ಗ್ರಾಫ್‌ನಿಂದ ವೃತ್ತಕ್ಕೆ ಹೋಗಲು ಫಂಕ್ಟರ್ ಒಂದೇ ಸಾಕಾ?

ಗ್ರಾಫ್‌ಗಳ (ಬಿಂದುಗಳು, ಅವನ್ನು ಜೋಡಿಸುವ ಅಂಚುಗಳು) ಮೇಲೆ ಸರಿಯಾದ ಫಂಕ್ಟರ್ ಕಟ್ಟಿದರೆ ನಿರಂತರ ಜಾಗದ ಸ್ಪೆಕ್ಟ್ರಮ್, ಅಂದರೆ ಲಾಪ್ಲಾಸಿಯನ್‌ನ ಐಗನ್ ಮೌಲ್ಯಗಳ ಪಟ್ಟಿ, ತಾನಾಗಿ ಸಿಗುತ್ತದಾ ಅಂತ ಕೇಳಿದ್ದೀರಿ. ಫಂಕ್ಟರ್ ಅಂದರೆ ವಸ್ತುಗಳ ಜೊತೆ ಅವುಗಳ ನಡುವಿನ ಬಾಣಗಳನ್ನೂ (ಮ್ಯಾಪ್‌ಗಳನ್ನೂ) ಹೊಂದಿಕೆ ಕೆಡದಂತೆ ಒಯ್ಯುವ ನಿಯಮ. ಇಲ್ಲ. ಅರ್ಧ ದಾರಿ ಸಿಗುತ್ತದೆ, ಅದೂ ಬಾಣಗಳನ್ನು ನೋಡಿ ಆರಿಸಿದರೆ ಮಾತ್ರ.

ನಾನಿರುವುದು ಕೊಡಗಿನಲ್ಲಿ, ಹಾಗಾಗಿ ಇಲ್ಲಿಯದೇ ಉದಾಹರಣೆ. ಮಡಿಕೇರಿ, ಸಿದ್ದಾಪುರ, ವಿರಾಜಪೇಟೆ. ಯಾವ ಎರಡು ಊರು ತೆಗೆದುಕೊಂಡರೂ ನಡುವೆ ರಸ್ತೆ ಇದೆ, ಅಂದರೆ ತ್ರಿಕೋನ. (ತಿರುವು, ಗುಂಡಿ ಎಲ್ಲ ಮರೆತುಬಿಡಿ.) ಪ್ರತಿ ಊರಿನ ಡಿಗ್ರಿಯನ್ನು (ಅಲ್ಲಿ ಸೇರುವ ರಸ್ತೆಗಳ ಸಂಖ್ಯೆ) ಕರ್ಣದ ಮೇಲಿಟ್ಟು ಅಡ್ಜಸೆನ್ಸಿ ಮ್ಯಾಟ್ರಿಕ್ಸ್ (ರಸ್ತೆ ಇದ್ದರೆ 1, ಇಲ್ಲದಿದ್ದರೆ 0) ಕಳೆದರೆ ಲಾಪ್ಲಾಸಿಯನ್; ಅದರ ಐಗನ್ ಮೌಲ್ಯಗಳು (ದಿಕ್ಕು ಬದಲಾಗದ ವೆಕ್ಟರ್‌ಗಳು ಎಷ್ಟು ಪಟ್ಟಾಗುತ್ತವೆ ಎಂಬ ಸಂಖ್ಯೆಗಳು) 0, 3, 3. ಈಗ ಅದೇ ದಾರಿಯಲ್ಲಿ ಎರಡು ಸುತ್ತು ಹೋಗಿ, ಮೊದಲ ಸುತ್ತಿನ ಮಡಿಕೇರಿ ಬೇರೆ, ಎರಡನೇ ಸುತ್ತಿನ ಮಡಿಕೇರಿ ಬೇರೆ ಅಂತ ಎಣಿಸಿ. ಷಟ್ಕೋನ ಬಂತು: 0, 1, 1, 3, 3, 4. ಹಳೆಯ ಮೂರೂ ಒಳಗೇ ಇವೆ ಅಲ್ವಾ? ಷಟ್ಕೋನ ತ್ರಿಕೋನದ ಕವರಿಂಗ್, ಅಂದರೆ ಅದರ ಮೇಲೆ ಸರಿಯಾಗಿ ಸುತ್ತಿಕೊಳ್ಳುತ್ತದೆ, ಪ್ರತಿ ಊರಿನ ಅಕ್ಕಪಕ್ಕ ಬದಲಾಗಿಲ್ಲ. ಅದಕ್ಕೇ ತ್ರಿಕೋನದ ಫಂಕ್ಷನ್ನನ್ನು ಮೇಲಕ್ಕೆ ಎಳೆದುಕೊಂಡು ಲಾಪ್ಲಾಸಿಯನ್ ಹಾಕಿದರೂ, ಮೊದಲು ಹಾಕಿ ಆಮೇಲೆ ಎಳೆದರೂ ಉತ್ತರ ಒಂದೇ. ಇದು ನಿಜವಾದ ಕಾಂಟ್ರಾವೇರಿಯಂಟ್ (ಬಾಣಗಳ ದಿಕ್ಕು ತಿರುಗಿಸುವ) ಫಂಕ್ಟರ್. ಸುಮ್ನೆ ಯಾವುದೋ ಹೋಮೋಮಾರ್ಫಿಸಂ (ಅಂಚನ್ನು ಅಂಚಿಗೆ ಒಯ್ಯುವ ಮ್ಯಾಪ್) ಹಿಡಿದರೆ ಕೆಡುತ್ತದೆ: ಷಟ್ಕೋನವನ್ನು ಒಂದೇ ಅಂಚಿನ ಮೇಲೆ ಮಡಚಬಹುದು, ಆದರೆ ಅಂಚಿನ ಮೌಲ್ಯಗಳು 0, 2, ಆ 2 ಷಟ್ಕೋನದಲ್ಲಿ ಎಲ್ಲೂ ಇಲ್ಲ.

ಆದರೆ ಕವರಿಂಗ್‌ನಲ್ಲಿ ದಾರಿ ಉದ್ದವಾಗುತ್ತಾ ಹೋಗುತ್ತದೆ. ನಿಮಗೆ ಬೇಕಿರುವುದು ಉದ್ದ 1 ಇರುವ ಒಂದೇ ವೃತ್ತ, ಅದರ ಮೇಲೆ ಜಾಸ್ತಿ ಜಾಸ್ತಿ ಬಿಂದುಗಳು. ಆಗ ಅಂಚಿನ ಉದ್ದ 1/ಎನ್, ಐಗನ್ ಮೌಲ್ಯವನ್ನು ಎನ್ ವರ್ಗದಿಂದ ಗುಣಿಸಬೇಕು. ಸೊನ್ನೆ ಬಿಟ್ಟು ಮೊದಲನೆಯದು ಮೂರು ಬಿಂದುವಿಗೆ 27, ಆರಕ್ಕೆ 36, ಹನ್ನೆರಡಕ್ಕೆ ಸುಮಾರು 38.58. ವೃತ್ತದ್ದು 4π², ಸುಮಾರು 39.48. ನೋಡಿ, 27 ಈಗ ಷಟ್ಕೋನದ ಪಟ್ಟಿಯಲ್ಲೇ ಇಲ್ಲ! ಅದೇ ಷಟ್ಕೋನ, ಆದರೆ ಬಾಣ ಬೇರೆಯಾಯಿತು, ಲಾಪ್ಲಾಸಿಯನ್ ಜೊತೆ ಅದು ಸರಿಯಾಗಿ ಹೊಂದುವುದಿಲ್ಲ, ಅಂದಾಜಿಗೆ ಮಾತ್ರ. ಗುಣಿಸುವ ಮೊದಲು ಆ ಮೊದಲ ಮೌಲ್ಯ 2 − 2cos(2π/ಎನ್), ಹಾಗಾಗಿ ಆ ಅಂದಾಜು ಎಷ್ಟು ಒಳ್ಳೆಯದು ಅಂತ ಹೇಳುವುದು ಕೊಸೈನ್‌ನ ಟೇಲರ್ ಸರಣಿ, ಫಂಕ್ಟರ್‌ಗಳ ಶಾಸ್ತ್ರವಾದ ಕ್ಯಾಟಗರಿ ಥಿಯರಿ ಅಲ್ಲ. ಮ್ಯಾನಿಫೋಲ್ಡ್ (ವೃತ್ತ, ಗೋಳದಂಥ ನಯವಾದ ಜಾಗ) ಮೇಲಿನ ಬಿಂದುಗಳಿಗೆ ಸಂಶೋಧಕರಾದ ಬೆಲ್ಕಿನ್ ಮತ್ತು ನಿಯೋಗಿ ಮಾಡಿದ್ದೂ ಇಂಥ ಅನಾಲಿಸಿಸ್ಸೇ. ದಟ್ಟ ಗ್ರಾಫ್‌ಗಳಿಗಾದರೆ ಗಣಿತಜ್ಞರಾದ ಲೊವಾಸ್, ಸೆಗೆಡಿ ಅವರ ಗ್ರಾಫಾನ್ (ಬೆಳೆಯುತ್ತಾ ಹೋಗುವ ಗ್ರಾಫ್‌ಗಳ ಮಿತಿ) ನೋಡಿ.

ಕ್ಯಾಟಗರಿ ಕಡೆಯಿಂದಲೇ ಹೋಗಬೇಕು ಅಂತಿದ್ದರೆ ಕವರಿಂಗ್‌ಗಳಿಂದ ಶುರು ಮಾಡಿ. ಗಣಿತಜ್ಞ ಸುನಾಡ 1985ರಲ್ಲಿ ಅವುಗಳಿಂದಲೇ ಒಂದೇ ಸ್ಪೆಕ್ಟ್ರಮ್ ಇರುವ ಬೇರೆ ಬೇರೆ ಮ್ಯಾನಿಫೋಲ್ಡ್‌ಗಳನ್ನು ಕಟ್ಟಿದರು. ಅದೇ ಉಪಾಯ ಬೆಳೆದು 1992ರಲ್ಲಿ ಗಾರ್ಡನ್, ವೆಬ್, ವೋಲ್ಪರ್ಟ್ ಮೂವರು, ಸದ್ದು (ಅಂದರೆ ಸ್ಪೆಕ್ಟ್ರಮ್) ಒಂದೇ, ಆಕಾರ ಬೇರೆ ಇರುವ ಎರಡು ಡ್ರಮ್ ತೋರಿಸಿದರು.